ನಿಮ್ಮಣ್ಣನ ಇನ್ನೊಂದು ಜೊತೆ ಚಪ್ಪಲಿ

ಲೋ ಕೆಂಪರಾಜ,

ನಾನು ಈ ಮರಳುಗಾಡಿಗೆ ಬಂದು ತಿಂಗಳಾಗುತ್ತಾ ಬಂತು. ಅವ್ವ ಇದ್ದಾಳಾ ಸತ್ತಳಾ ಎಂದು ಎರಡು ಸಾಲು ಬರೆಯಲು ನಿನ್ನ ಕೈಗೇನು ಲಕ್ವ ಹೊಡೆದಿದೆಯಾ? ಇಲ್ಲಿ ಫೋನು ಸಿಗುವುದಿಲ್ಲ ಎಂದು ಹೇಳಿಯೇ ಬಂದಿದ್ದೆ.

ನಿಮ್ಮಣ್ಣ ತೀರಿಹೋದ ಮೇಲೆ ನಿಮ್ಮತ್ತಿಗೆ ಇಲ್ಲಿ ಒಬ್ಬಳೇ ಮೀನು ಸಾಕುತ್ತಿದ್ದಾಳೆ. ಕರೆಂಟಿನ ಕಂಬವೇ ಇಲ್ಲ, ಪಂಪು, ದೀಪ ಎಲ್ಲ ಬಿಸಿಲಿನ ಕರೆಂಟಿನಿಂದಲೇ ನಡೆಯಬೇಕು. ಸಿಪ್ಪೆ, ಕೋಳಿ ಹಿಕ್ಕೆ ಎರೆಹುಳಕ್ಕೆ, ಹುಳ ಮೀನಿಗೆ, ಮೀನಿನ ಗಲೀಜು ನೀರು ಸೊಪ್ಪಿಗೆ. ಬೆಂಗಳೂರಲ್ಲಿ ನಮ್ಮ ಸಾರಕ್ಕಿ ಮನೆಯಲ್ಲಿ ನೀನು ದಿನಾ ತಟ್ಟೆಯಲ್ಲಿ ಬಿಡುವ ಅನ್ನ ಕಂಡರೆ ಇವಳು ಅತ್ತೇಬಿಡುತ್ತಾಳೆ.

ಈ ಮೀನುಗಳು ನಿಮ್ಮಣ್ಣನ ಚಪ್ಪಲಿ ಸದ್ದಿಗೆ ಮಾತ್ರ ಮೇಲೆ ಬರುವುದು. ಅದಕ್ಕೆ ಅವಳು ಅವನ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಪಟಪಟ ಎಂದು ತೊಟ್ಟಿ ಸುತ್ತುತ್ತಾಳೆ. ಎಲ್ಲವೂ ಬಾಯಿ ತೆರೆದುಕೊಂಡು ಬರುತ್ತವೆ. ನೋಡಲಾಗದೆ ನಾನು ಒಳಗೆ ಹೋಗುತ್ತೇನೆ. "ಮನೆಗೆ ಬಂದ್ಬಿಡಮ್ಮ" ಎಂದೆ. "ಈ ಮೀನಿಗೆಲ್ಲ ಅವ್ರು ಇನ್ನೂ ಇದಾರೆ ಅತ್ತೆ, ಬಿಟ್ಟು ಹೆಂಗ್ ಬರ್ಲಿ?" ಎಂದಳು.

ಈಗ ಆ ಚಪ್ಪಲಿಯ ಅಡಿ ಕಿತ್ತುಬಂದಿದೆ. ಅವಳಿಗೆಂದು ನಾನು ಜಯನಗರದಿಂದ ತಂದ ಹೊಸದನ್ನು ಮೆಟ್ಟಿದರೆ ಒಂದು ಮೀನೂ ತಲೆ ಎತ್ತಲಿಲ್ಲ. ಅವನದೇ ಇನ್ನೊಂದು ಜೊತೆ ನಮ್ಮ ಅಟ್ಟದ ಮೇಲಿತ್ತು. ಸತ್ತವರ ಚಪ್ಪಲಿ ಮನೆಯಲ್ಲಿರಬಾರದು, ಎಸೆದುಬಿಡು ಎಂದು ನಿನಗೆ ಹೇಳಿ ಬಂದಿದ್ದೆ. ನೀನು ಯಾವತ್ತು ನನ್ನ ಮಾತು ಕೇಳಿದ್ದೀಯ? ಇದೊಂದನ್ನೂ ಕೇಳದೇ ಇದ್ದರೆ ಸಾಕು ಮಗಾ.

ಮಂಡಿನೋವು ಹಾಗೇ ಇದೆ. ತುಟಿ ಒಡೆದಿದೆ, ಚಪ್ಪಲಿ ಕಳಿಸುವಾಗ ಜೊತೆಗೆ ಕೊಬ್ಬರಿ ಎಣ್ಣೆ ಇಡು. ಮೊಮ್ಮಗಳಿಗೆ ಅಜ್ಜಿ ಕೇಳಿದಳೆನ್ನು. ಚಪ್ಪಲಿ ಇದೆ ಎಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ಬರಿ.

ನಿಮ್ಮವ್ವ