ಪರದೆಯ ಈಚೆ ಕೂತು ಕೇಳಿದ್ದು

ಗುರುವಾರ, ಸಂಜೆ

ನಮ್ಮ ಮನೆಯವರಿಗೆ,

ನಿಮ್ಮವಳ ನಮಸ್ಕಾರಗಳು. ದೇವರ ದಯೆಯಿಂದ ಇಲ್ಲಿ ನಾನು, ಮೂಲೆ ಮನೆಯ ನಿಮ್ಮಕ್ಕ, ಕಾಲು ಅಲ್ಲಾಡುವ ನಿಮ್ಮ ಕುರ್ಚಿ, ಎಲ್ಲರೂ ಕ್ಷೇಮ.

ನಿಮ್ಮ ಕಾಗದ ಓದಿದೆ. ಮಡಚಿಟ್ಟು, ಮತ್ತೆ ತೆಗೆದು ಓದಿದೆ. ತಿಂಗಳ ಕೊನೆಗೆ ಕೆಲಸ ಬಿಟ್ಟು ಬರುತ್ತೇನೆ ಎಂದಿದ್ದೀರಿ. ವಿಮೆ ಏಜೆಂಟನಾಗಿದ್ದವನು ಈ ವಯಸ್ಸಿನಲ್ಲಿ ಹುಡುಗರ ಪಕ್ಕ ಬೆಂಚಿನ ಮೇಲೆ ಕೂತು ಡಾಕ್ಟರ ಸಹಾಯಕನಾಗುವ ಫಿಜಿಶಿಯನ್ ಅಸಿಸ್ಟೆಂಟ್ ಕೋರ್ಸು ಓದಿದ್ದೇ ಹುಚ್ಚು ಎಂದಿದ್ದೀರಿ. ಜೊತೆಗೆ ಓದಿದ ಹುಡುಗರಿಗೆಲ್ಲ ಕೆಲಸ ಸಿಕ್ಕಿತು, ನಿಮ್ಮ ನರೆತ ತಲೆ ನೋಡಿಯೇ ಉಳಿದ ಆಸ್ಪತ್ರೆಯವರೆಲ್ಲ ಬೇಡವೆಂದರಂತೆ. ಇಟ್ಟುಕೊಂಡ ಇವರೂ ಕಾಯಂ ಮಾಡುವ ಮಾತೆತ್ತುತ್ತಿಲ್ಲ ಎಂದಿದ್ದೀರಿ. ರೋಗಿಗಳು ನಿಮ್ಮನ್ನು ದೊಡ್ಡ ಡಾಕ್ಟರೆಂದು ಎದ್ದು ನಿಲ್ಲುತ್ತಾರಂತೆ, ನಮ್ಮ ಮಗಳ ವಯಸ್ಸಿನ ಡಾಕ್ಟರಮ್ಮನನ್ನು ನರ್ಸೆಂದು ತಿಳಿದು ಕುಡಿಯಲು ನೀರು ಕೇಳುತ್ತಾರಂತೆ. ‘ಡಾಕ್ಟರು ಅವರು, ನಾನು ಅವರ ಅಸಿಸ್ಟೆಂಟು’ ಎಂದಾಗಲೆಲ್ಲ ರೋಗಿಗಳ ಮುಖ ಸಪ್ಪಗಾಗುತ್ತದೆ, ನನ್ನದೂ ಆಗುತ್ತದೆ ಎಂದು ಬರೆದಿದ್ದೀರಿ. ಅದನ್ನು ಓದಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ, ನಗುವೂ ಬಂತು.

ಈಗ ನನ್ನ ಮಾತು ಕೇಳಿ. ಮೊನ್ನೆ ಮಂಗಳವಾರ ನಾನು ನಿಮ್ಮ ಆಸ್ಪತ್ರೆಗೆ ಬಂದಿದ್ದೆ.

ಗಾಬರಿ ಬೀಳಬೇಡಿ. ನೀವು ಬಿಟ್ಟುಹೋದ ಓದುವ ಕನ್ನಡಕ ಕೊಟ್ಟು ಬರೋಣವೆಂದು ಬಸ್ಸು ಹತ್ತಿದೆ. ಅಲ್ಲಿ ನೋಡಿದರೆ ಜನವೋ ಜನ. ನರ್ಸಮ್ಮ ನನ್ನನ್ನು ಒಳಗೆ ಕರೆದು, ಹಸಿರು ಪರದೆಯ ಈಚೆ ಹಾಸಿಗೆಯ ಮೇಲೆ ಕೂರಿಸಿ, ಇಲ್ಲೇ ಇರಿ ಎಂದು ಹೋದಳು. ಪರದೆಯ ಕೆಳಗೆ ಎರಡು ಬೂಟು ಕಂಡವು. ಎಡಗಾಲಿನದಕ್ಕೆ ಹೊಲಿಗೆ ಹಾಕಿಸಿದ್ದು ನಾನೇ, ಗುರುತು ಸಿಗದೆ ಇರುತ್ತದೆಯೇ? ಕೂಗಬೇಕು ಅನ್ನುವಷ್ಟರಲ್ಲಿ ನಿಮ್ಮ ಹತ್ತಿರ ಒಬ್ಬ ಅಜ್ಜಿ ಬಂದರು.

“ದೊಡ್ಡ ಡಾಕ್ಟ್ರೇ, ಕೈ ಮುಗೀತೀನಿ” ಎಂದರು. ನೀವು ‘ಡಾಕ್ಟರು ಅವರು’ ಎಂಬ ನಿಮ್ಮ ಪಾಠ ಒಪ್ಪಿಸಿದಿರಿ. ಅಜ್ಜಿಯ ಮುಖ ನನಗೆ ಕಾಣಲಿಲ್ಲ, ಮಾತು ಮಾತ್ರ ಕೇಳಿಸಿತು.

“ಒಳ್ಳೇದೇ ಆಯ್ತು ಬಿಡಪ್ಪ. ಡಾಕ್ಟ್ರು ಅಂದ್ರೆ ನಂಗೆ ನಾಲಿಗೇನೇ ಏಳಲ್ಲ. ನೀನಾದ್ರೆ ನಮ್ಮೋನ್ ಥರ ಇದ್ದೀಯ, ತಲೇನೂ ನರೆತಿದೆ.”

ಆಮೇಲೆ ಅಜ್ಜಿ ಮಂಡಿ ನೋವಿನಿಂದ ಶುರು ಮಾಡಿ, ಸೊಸೆಗೆ ಹೋಗಿ, ಸೊಸೆಯ ತಮ್ಮನಿಗೆ ಹೋಗಿ, ಅಲ್ಲಿ ನಿಂತರು. ನೀವು “ಆಮೇಲೆ?” ಎಂದಿರಿ. ಎಂದು ಸುಮ್ಮನಾದಿರಿ.

ಎಂಥ ಬಾಯಿ ನಿಮ್ಮದು! ವಿಮೆ ಮಾರುವಾಗ ಎದುರಿನವರಿಗೆ ಉಸಿರಾಡಲೂ ಬಿಡದೆ, ಸಾವಿನ ಹೆದರಿಕೆ ಹುಟ್ಟಿಸಿ ರುಜು ಹಾಕಿಸಿಕೊಳ್ಳುತ್ತಿದ್ದಿರಿ. ಮನೆಯಲ್ಲಿ ನಾನು ಅರ್ಧ ಹೇಳಿದರೆ ಉಳಿದರ್ಧ ನೀವೇ ಹೇಳಿ ಮುಗಿಸುತ್ತಿದ್ದಿರಿ, ಅದೂ ತಪ್ಪುತಪ್ಪಾಗಿ. ಆ ಮನುಷ್ಯ ಕಾಯುತ್ತಿದ್ದ! ಅಜ್ಜಿ ಮೂಗೊರೆಸಿಕೊಂಡದ್ದು ಕೇಳಿಸಿತು, ಫ್ಯಾನು ಕಿರುಗುಟ್ಟಿದ್ದು ಕೇಳಿಸಿತು, ನಿಮ್ಮ ದನಿ ಇಲ್ಲ.

“ಮೆಟ್ಲು ಹತ್ತಿದ್ರೆ ಈ ದವಡೆ ಹಿಡ್ಕೊಳತ್ತಪ್ಪ. ಕೂತ್ರೆ ಹೋಗತ್ತೆ. ಹಲ್ಲು ನೋವು ಅಂದ್ಕೊಂಡು ಮಗಂಗೂ ಹೇಳ್ಲಿಲ್ಲ. ಆದ್ರೆ ನಂಗೆ ಈ ಕಡೆ ಹಲ್ಲೇ ಇಲ್ಲ.”

ನಾನಾಗಿದ್ದರೆ ನಕ್ಕುಬಿಡುತ್ತಿದ್ದೆ. ನೀವು ನಗಲಿಲ್ಲ. ಬೂಟುಗಳು ಸರಸರನೆ ಹೋದವು. ಅಜ್ಜಿ ಹೇಳಿದ್ದನ್ನೆಲ್ಲ, ಸೊಸೆಯ ತಮ್ಮನನ್ನು ಮಾತ್ರ ಬಿಟ್ಟು, ಆಚೆ ಮೇಜಿನಲ್ಲಿದ್ದ ಡಾಕ್ಟರಮ್ಮನ ಮುಂದೆ ಒಪ್ಪವಾಗಿ ಇಟ್ಟದ್ದೂ ಕೇಳಿಸಿತು. ಕೈಗೂ ನೋವು ಇಳಿಯುತ್ತದೆಯೇ ಎಂದು ಆಕೆ ಕೇಳಿದ್ದಕ್ಕೆ “ಗೊತ್ತಿಲ್ಲ ಡಾಕ್ಟ್ರೇ, ಕೇಳ್ಕೊಂಡು ಬರ್ತೀನಿ” ಎಂದಿರಿ.

ಗೊತ್ತಿಲ್ಲ! ಆ ಮಾತು ನಿಮ್ಮ ಬಾಯಲ್ಲಿ ಬಂದದ್ದನ್ನು ನೀವು ಹುಟ್ಟಿದಾಗಿನಿಂದ ಒಮ್ಮೆಯಾದರೂ ಕೇಳಿದ್ದರೆ ನಿಮ್ಮಕ್ಕನಾದರೂ ಹೇಳಲಿ.

ಎದೆ ಪರೀಕ್ಷೆಯ ಯಂತ್ರ ಬಂತು. ಕಾಗದ ಹೊರಬಿದ್ದದ್ದೇ ಡಾಕ್ಟರಮ್ಮ ಓಡಿ ಬಂದರು. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಹೃದಯದ ವಾರ್ಡಿಗೆ ಕರೆದೊಯ್ದರು. ಪರದೆಯ ಅಂಚಿನಿಂದ ಇಣುಕಿ ನೋಡಿದೆ, ಹೋಗುವಾಗಲೂ ಅಜ್ಜಿ ನಿಮ್ಮ ಕೋಟಿನ ಚುಂಗು ಬಿಡಲಿಲ್ಲ. ಹತ್ತಿ ತೆಗೆಯಲು ಈಚೆ ಬಂದ ನರ್ಸಮ್ಮ ಆಯಾಗೆ ಹೇಳುತ್ತಿದ್ದಳು: “ಈ ಅಂಕಲ್ ಬಿಟ್ಟು ಹೋದ್ರೆ ಡಾಕ್ಟರಮ್ಮ ಅತ್ತೇಬಿಡ್ತಾರೆ ನೋಡು. ಇವರನ್ನ ಕಾಯಂ ಮಾಡಿ, ಇಂಥವರು ಇನ್ನೊಬ್ರು ಇದ್ರೂ ಕೊಡಿ ಅಂತ ಆಫೀಸಲ್ಲಿ ಜಗಳ ಆಡ್ಕೊಂಡು ಬಂದಿದ್ದಾರೆ.” ಕಾಯಂ ಆಗುತ್ತದೋ ಇಲ್ಲವೋ ನಾನರಿಯೆ. ಕಿವಿಗೆ ಬಿದ್ದದ್ದನ್ನು ಬರೆದಿದ್ದೇನೆ.

ದಿನವೂ ದೇವರ ಮುಂದೆ ಕೂತು ನಾನು ಒದರುತ್ತೇನೆ, ಅವನು ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. ಅಂಥ ಮೌನವನ್ನು ಬೇರೆಲ್ಲೂ ಕಂಡವಳಲ್ಲ. ಮಂಗಳವಾರ ಪರದೆಯ ಆಚೆ ಕಂಡೆ. ಹೋಲಿಸಿದ್ದು ತಪ್ಪಾದರೆ ಅವನೇ ಕ್ಷಮಿಸಲಿ. ನಿಮ್ಮನ್ನು ಕರೆಯದೆ, ಕನ್ನಡಕ ಕೈಯಲ್ಲೇ ಹಿಡಿದು ಎದ್ದು ಬಂದುಬಿಟ್ಟೆ.

ಕೆಲಸ ಬಿಡಬೇಡಿ. ಅವರಾಗಿ ಕಳಿಸಿದರೆ ಬನ್ನಿ, ಮನೆ ಇದೆ, ಕುರ್ಚಿ ಇದೆ. ನೀವಾಗಿ ಮಾತ್ರ ಬರಬೇಡಿ.

ನಿಮ್ಮ ಮಾತಿಗೆ ಹೂಂಗುಟ್ಟಿಯೇ ಅಭ್ಯಾಸವಾದ
ನಿಮ್ಮವಳು

ಮ.ವಿ.: ಕನ್ನಡಕ ಕೊಡಲು ಬಂದವಳನ್ನು ನರ್ಸಮ್ಮ ಹಾಸಿಗೆಯ ಮೇಲೆ ಏಕೆ ಕೂರಿಸಿದಳೆಂದು ನಿಮಗೆ ಇಷ್ಟರಲ್ಲೇ ಅನುಮಾನ ಬಂದಿರುತ್ತದೆ. ಮೊದಲ ಸಾಲಿನಲ್ಲಿ ಕ್ಷೇಮ ಎಂದದ್ದು ರೂಢಿಯ ಮಾತು. ನಿಮ್ಮಕ್ಕ ಕ್ಷೇಮ, ಕುರ್ಚಿ ಕ್ಷೇಮ. ನಾನು ನಿಮಗೆ ಗೊತ್ತಾಗದಂತೆ ಡಾಕ್ಟರಮ್ಮನಿಗೆ ತೋರಿಸಿಕೊಳ್ಳಲು ಚೀಟಿ ಮಾಡಿಸಿದ್ದೆ, ತೋರಿಸಿಕೊಳ್ಳದೆಯೇ ಎದ್ದು ಬಂದೆ. ಸೋಮವಾರ ಮತ್ತೆ ಬರುತ್ತೇನೆ, ಈ ಸಲ ಪರದೆಯ ಆಚೆಗೆ, ನಿಮ್ಮ ಎದುರಿಗೆ. ಮೊದಲು ಕನ್ನಡಕದ ಮಾತಾಡುತ್ತೇನೆ, ನಿಮ್ಮಕ್ಕನ ಮಾತಾಡುತ್ತೇನೆ, ಬಸ್ಸಿನ ಮಾತಾಡುತ್ತೇನೆ. ನೀವು “ಆಮೇಲೆ?” ಎಂದು ಸುಮ್ಮನಿರಿ.