ಅತ್ತೆಯ ಹೊಸ ಹಲ್ಲು

ನವೆಂಬರ್ ೧೯, ಮಂಗಳವಾರ

ಮಗಳ ಬಾಯಲ್ಲಿ ಈಗ ಎಲ್ಲವೂ ಸೆಕ್ಸಿ. ಹೊಸ ಚಪ್ಪಲಿ ಸೆಕ್ಸಿ, ನಾನು ಮಾಡಿದ ಕಾಫಿ ಸೆಕ್ಸಿ, ಪಕ್ಕದ ಮನೆಯ ನಾಯಿಯೂ ಸೆಕ್ಸಿ. ಬೈದು ಬೈದು ನನ್ನ ನಾಲಿಗೆ ಸವೆಯಿತೇ ಹೊರತು ಅವಳು ಬಿಡಲಿಲ್ಲ.

ಇವತ್ತು ಡಾಕ್ಟರು ಅತ್ತೆಗೆ ಹಲ್ಲಿನ ಸೆಟ್ ಹಾಕಿದರು. ಮಾಡಿದ್ದು ನಾನೇ, ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನಲ್ಲಿ. ಮುಂದಿನ ಒಂದು ಹಲ್ಲನ್ನು ಬೇಕೆಂದೇ ಕೊಂಚ ಸೊಟ್ಟಗೆ ಕೂರಿಸಿದ್ದೆ, ಅವರ ಮದುವೆ ಫೋಟೋದಲ್ಲಿ ಇರುವ ಹಾಗೆ. ಆದರೂ ಮನೆಗೆ ಬಂದ ಮೇಲೂ ಅತ್ತೆ, ಹಲ್ಲು ಹೋದಂದಿನಿಂದ ಆದ ರೂಢಿಯಂತೆ, ಬಾಯಿಗೆ ಕೈ ಅಡ್ಡ ಹಿಡಿದೇ ಕೂತರು. ಮಗಳು ಆ ಕೈ ಸರಿಸಿ ನೋಡಿದಳು.

"ಅಜ್ಜಿ, ಸಖತ್ ಸೆಕ್ಸಿಯಾಗಿದೀರ."

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅತ್ತೆ ನನ್ನ ಕಡೆ ತಿರುಗಿದರು.

"ಯಾಕಮ್ಮ ಮುಖ ಹಾಗ್ ಮಾಡ್ಕೊಂಡೆ? ಆ ಮಾತಿನ ಅರ್ಥ ನಂಗೂ ಗೊತ್ತು. ಮಗು ಹೇಳಿದ್ದು ಚೆನ್ನಾಗಿದೀರ ಅಂತ, ಅಷ್ಟೆ. ನಿನ್ನ ಮಾವ ಹೋದ್ಮೇಲೆ ಅದನ್ನ ಯಾರು ಹೇಳಿದಾರೆ ನಂಗೆ?"

ಹೇಳಿ ನಕ್ಕರು, ಕೈ ಮಡಿಲಲ್ಲೇ ಇತ್ತು. ಸೊಟ್ಟ ಹಲ್ಲು ಕಂಡಿತು. ನಾನೂ ಹೇಳಿರಲಿಲ್ಲವಲ್ಲ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ.

ಕಣ್ಣು ಎಳೆಯುತ್ತಿದೆ. ನಾಳೆ ಮಗಳು ಕಾಫಿಗೆ ಸೆಕ್ಸಿ ಎಂದರೆ ಬೈಯದೆ ಇನ್ನರ್ಧ ಲೋಟ ಹಾಕಿಕೊಟ್ಟು...