ಎಲ್ಲರ ನಾಡಿಯೂ ಎಪ್ಪತ್ತೆರಡು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಹೊಸ ಜಿಲ್ಲೆಯ ಜನರ ನಾಡಿ ನಿಮಿಷಕ್ಕೆ ಎಪ್ಪತ್ತೆರಡು ಸಲ ಮಿಡಿಯುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದು ನನ್ನ ಮಾತಲ್ಲ, ನಿಮ್ಮ ಇಲಾಖೆಯ ಹೊರರೋಗಿ ಚೀಟಿಗಳ ಮಾತು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ನೆಂಟರಿಷ್ಟರಿಂದ ಹನ್ನೊಂದು ಚೀಟಿ ಕೇಳಿ ಪಡೆದೆ. ಒಂಬತ್ತರಲ್ಲಿ 72 ಎಂದಿದೆ. ಆ ಒಂಬತ್ತರಲ್ಲಿ ಒಂದು ನನ್ನ ಅಕ್ಕ ಕೊಂಡಮ್ಮನದು. ಅದನ್ನು ಬರೆದವರು ಆಕೆಯ ಕೈ ಮುಟ್ಟಿರಲಿಲ್ಲ. ಹತ್ತು ದಿನ ಕಳೆದು ತಾಲ್ಲೂಕು ಕೇಂದ್ರದ ಡಾ. ಶ್ರೀವಲ್ಲಿ ಎಂಬ ಕಿರಿಯ ವೈದ್ಯೆ ಒಂದು ಪೂರ್ತಿ ನಿಮಿಷ ಮಣಿಕಟ್ಟು ಹಿಡಿದು ಎಣಿಸಿದರು, ಇಸಿಜಿ ತೆಗೆಸಿದರು. ಬಡಿತ ನೂರಮೂವತ್ತೆಂಟು, ಅದೂ ತಾಳ ತಪ್ಪಿ.

"ಅಮ್ಮಾ, ನಿಮ್ಮ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿತಾ ಇಲ್ಲ, ಬರೀ ನಡುಗ್ತಾ ಇವೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತೆ. ಆ ಹೆಪ್ಪು ಮಿದುಳಿಗೆ ಹೋದ್ರೆ ಲಕ್ವ," ಎಂದರು ವೈದ್ಯೆ.

"ಎದೆ ಡವಡವ ಅನ್ನೋದು ವಯಸ್ಸಿಗೆ ಅಂದ್ಕೊಂಡಿದ್ದೆ ಕಣಮ್ಮಾ," ಎಂದಳು ಅಕ್ಕ. ಆಕೆಗೆ ಅರವತ್ತಮೂರು. ಬಿ.ಪಿ., ಸಕ್ಕರೆ ಎರಡೂ ಇವೆ. ಹೀಗಿರುವವರಿಗೆ ಲಕ್ವದ ಅಪಾಯ ಇನ್ನೂ ಹೆಚ್ಚಂತೆ. ಬಡಿತ ತಗ್ಗಿಸಲು ಒಂದು ಮಾತ್ರೆ, ರಕ್ತ ತೆಳುವಾಗಿಸಲು ದಿನಕ್ಕೊಂದು ವಾರ್ಫರಿನ್ ಬರೆದುಕೊಟ್ಟರು. ಈ ವಾರ್ಫರಿನ್ ವಿಚಿತ್ರ ಮಾತ್ರೆ. ಕಡಿಮೆಯಾದರೆ ಲಕ್ವ ತಡೆಯದು, ಹೆಚ್ಚಾದರೆ ರಕ್ತ ನಿಲ್ಲದು. ಎಷ್ಟು ಬೇಕೆಂದು ತಿಳಿಯಲು ಐಎನ್ಆರ್ ಎಂಬ ರಕ್ತಪರೀಕ್ಷೆಯೊಂದೇ ದಾರಿ. ಮೊದಮೊದಲು ನಾಲ್ಕೈದು ದಿನಕ್ಕೊಮ್ಮೆ ಮಾಡಿಸಬೇಕು.

ಆ ಪರೀಕ್ಷೆಯ ಯಂತ್ರ ಜಿಲ್ಲೆಯ ನಿಮ್ಮ ದೊಡ್ಡ ಆಸ್ಪತ್ರೆಯಲ್ಲಿದೆ. ನಾನು ಕಣ್ಣಾರೆ ನೋಡಿದ್ದೇನೆ. ಪ್ಲಾಸ್ಟಿಕ್ ಹೊದಿಕೆ ಹೊದ್ದು ಮಲಗಿದೆ. ಅದಕ್ಕೆ ಬೇಕಾದ ದ್ರಾವಣ ತರಿಸಿ ಎಂದು ನಿಮಗೆ ಬರೆದಾಗ ಇಪ್ಪತ್ತಮೂರು ದಿನದ ಬಳಿಕ ಉತ್ತರ ಬಂತು: "ಇಂತಹ ರೋಗಿಗಳ ಸಂಖ್ಯೆ ಅತ್ಯಲ್ಪವಾಗಿರುವುದರಿಂದ ಸದರಿ ಖರೀದಿಯು ಸಮರ್ಥನೀಯವಲ್ಲ." ಸತ್ಯ, ಮಾನ್ಯರೇ! ಎಲ್ಲರ ನಾಡಿಯೂ ಎಪ್ಪತ್ತೆರಡು ಇರುವ ಜಿಲ್ಲೆಯಲ್ಲಿ ತಾಳ ತಪ್ಪಿದವರು ಎಲ್ಲಿಂದ ಬಂದಾರು? ಮುಟ್ಟದೆ ಬರೆದರೆ ರೋಗಿ ಸಿಗುವುದಿಲ್ಲ, ರೋಗಿ ಸಿಗದಿದ್ದರೆ ಪರೀಕ್ಷೆ ಬೇಕಿಲ್ಲ. ಇಷ್ಟು ಸುಲಭವಾಗಿ ರೋಗ ನಿವಾರಿಸಿದ ಇಲಾಖೆ ಬೇರೆಲ್ಲಾದರೂ ಉಂಟೇ?

ಮುಂದೆ ಆದದ್ದನ್ನು ಕೇಳಿ. ಅಕ್ಕ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದವಳು. ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು, ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯಬೇಕು. ಬೆರಳ ತುದಿಗಳು ನೆನೆದು ಬಿರಿದಿರುತ್ತವೆ. ಅಲ್ಲಿ ಬಿರಿಯದ ಬೆರಳೇ ಇಲ್ಲ. ಕೈಗವಸು ಹಾಕಿದರೆ ಎಳೆ ಸಿಗುವುದಿಲ್ಲ. ಮಾತ್ರೆ ಶುರುವಾದ ವಾರದಲ್ಲೇ ಬಿರುಕುಗಳಲ್ಲಿ ರಕ್ತ ಜಿನುಗಿ ಬಿಳಿ ನೂಲಿಗೆ ತಗುಲಿತು.

"ಏನಮ್ಮಾ ಕೊಂಡಮ್ಮ, ನೂಲಿಗೆ ಕುಂಕುಮ ಹಚ್ತಾ ಇದೀಯಾ?" ಎಂದ ಮೇಸ್ತ್ರಿ ಮುನೇಶ.

"ಮದುವೆ ಸೀರೆಗೇ ತಾನೇ ಹೋಗೋದು, ಮುಂಚೇನೇ ಹಚ್ಚಿದೆ ಬಿಡಪ್ಪಾ," ಎಂದಳಂತೆ ಅಕ್ಕ. ಎಲ್ಲರೂ ನಕ್ಕರು. ಅವಳು ಮಾತ್ರ ಅಂದೇ ಒಂದು ತೀರ್ಮಾನ ಮಾಡಿದ್ದಳು. ನೂಲು ಮುಟ್ಟುವ ದಿನ ಮಾತ್ರೆ ಇಲ್ಲ, ಕೆಲಸಕ್ಕೆ ರಜೆಯಿರುವ ಶುಕ್ರವಾರ ಮಾತ್ರ. ನನಗಾಗಲಿ ವೈದ್ಯೆಗಾಗಲಿ ಹೇಳಲಿಲ್ಲ.

ಮಾತ್ರೆ ಶುರುವಾಗಿ ಆರು ವಾರದ ಬಳಿಕ ಒಂದು ಬೆಳಿಗ್ಗೆ ಬಿಸಿನೀರಿನಲ್ಲಿದ್ದ ಅವಳ ಬಲಗೈ ಎಳೆ ಹಿಡಿಯಲಿಲ್ಲ. ಬಾಯಿ ಸೊಟ್ಟಗಾಯಿತು. ಗೇಲಿ ಮಾಡಿದ್ದ ಮುನೇಶನೇ ಅವಳನ್ನು ಸ್ಕೂಟರಿನಲ್ಲಿ ಕೂರಿಸಿ, ಹಿಡಿದುಕೊಳ್ಳಲು ಹಿಂದೊಬ್ಬಳನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದ. ಅರ್ಧ ಗಂಟೆಯಲ್ಲಿ ಕೈಯೂ ಮಾತೂ ಮರಳಿದವು. "ಇದು ಎಚ್ಚರಿಕೆ. ಮುಂದಿನ ಸಲ ಮರಳದೇ ಇರಬಹುದು," ಎಂದರು ಡಾ. ಶ್ರೀವಲ್ಲಿ. ಮನೆಗೆ ಬಂದು ಡಬ್ಬಿ ಸುರಿದು ನೋಡಿದೆ. ಕೊಟ್ಟದ್ದು ನಲವತ್ತೆರಡು ಮಾತ್ರೆ, ಉಳಿದದ್ದು ಮೂವತ್ತೊಂದು. ನುಂಗಿದ್ದು ಮೊದಲ ಐದು ದಿನ, ಆಮೇಲೆ ಆರು ಶುಕ್ರವಾರ, ಅಷ್ಟೇ.

ತಪ್ಪು ರೋಗಿಯದೇ ಎಂದು ನೀವು ಬರೆಯುತ್ತೀರಿ. ಒಪ್ಪಿದೆ. ಆದರೆ ಐದನೆಯ ದಿನ ಅವಳ ರಕ್ತ ನೋಡುವವರಿದ್ದಿದ್ದರೆ, ಬೆರಳನ್ನೂ ನೋಡುತ್ತಿರಲಿಲ್ಲವೇ? ನೂಲಿನ ಮಾತು ಅಲ್ಲೇ ಹೊರಬರುತ್ತಿರಲಿಲ್ಲವೇ? ಈ ಪರೀಕ್ಷೆಗೆ ಬೆಂಗಳೂರಿಗೆ ಹೋಗಿಬರಲು ಒಂದು ದಿನದ ಕೆಲಸ ಬಿಡಬೇಕು. ನಾಲ್ಕು ದಿನಕ್ಕೊಮ್ಮೆ ಬಿಟ್ಟರೆ ಅವಳ ಜಾಗಕ್ಕೆ ಬೇರೆಯವರು ಬರುತ್ತಾರೆ. ಆ ಆರು ವಾರದಲ್ಲಿ ಒಂದು ಸಲವೂ ಪರೀಕ್ಷೆ ಆಗಲಿಲ್ಲ. ತಾಲ್ಲೂಕಿನ ವೈದ್ಯೆ ರೋಗ ಹಿಡಿದರು, ಸರಿಯಾದ ಔಷಧಿ ಕೊಟ್ಟರು. ಅಳತೆ ಮಾತ್ರ ನಿಮ್ಮ ಪ್ಲಾಸ್ಟಿಕ್ ಹೊದಿಕೆಯ ಕೆಳಗಿತ್ತು.

ಈಗ ಅಕ್ಕ ಕೆಲಸ ಬಿಟ್ಟಿದ್ದಾಳೆ. ಒಂಬತ್ತು ದಿನದಿಂದ ನನ್ನ ಕಣ್ಣೆದುರೇ ಮಾತ್ರೆ ನುಂಗುತ್ತಿದ್ದಾಳೆ. ಇನ್ನೂ ಸುಸ್ತಾಗಿರುವ ಅವಳನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯಲು ಧೈರ್ಯ ಬರದೆ ಪರೀಕ್ಷೆ ಆಗಿಲ್ಲ. ಇಂದು ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ಬಂದ ರಕ್ತ ಗಂಟೆಯಾದರೂ ನಿಲ್ಲಲಿಲ್ಲ. ವೈದ್ಯೆ ಫೋನಿಗೆ ಸಿಕ್ಕಾಗ ಸಂಜೆ ನಾಲ್ಕಾಗಿತ್ತು, ಬೆಂಗಳೂರು ಮುಟ್ಟುವಷ್ಟರಲ್ಲಿ ಪರೀಕ್ಷೆಯ ಹೊತ್ತು ಮುಗಿದಿರುತ್ತದೆ. "ನಾಳೆ ಮೊದಲ ಬಸ್ಸಿಗೇ ಬೆಂಗಳೂರಿಗೆ ಕರ್ಕೊಂಡು ಹೋಗಿ. ಈ ಸಂಜೆ ಮಾತ್ರೆ ಕೊಡೋದಾ ಬಿಡೋದಾ ಅಂತ ರಕ್ತ ನೋಡದೆ ನಾನು ಹೇಗೆ ಹೇಳಲಿ ಸಾರ್?" ಎಂದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಈ ತಿಂಗಳೊಳಗೆ ದ್ರಾವಣ ತರಿಸಿ ಯಂತ್ರ ಎಬ್ಬಿಸಿ. ವಾರಕ್ಕೆ ಎರಡು ದಿನ ಸಾಕು, ಗೌರಿಬಿದನೂರಿನವರೂ ಬರುತ್ತಾರೆ. ಚೀಟಿಯಲ್ಲಿ ನಾಡಿ ಬರೆಯುವ ಮುನ್ನ ಒಂದು ನಿಮಿಷ ಕೈ ಹಿಡಿಯಬೇಕೆಂದು ಆದೇಶ ಹೊರಡಿಸಿ. ಅಷ್ಟು ಮಾಡಿದರೆ "ಅತ್ಯಲ್ಪ" ಎಷ್ಟು ಜನವೆಂದು ನಿಮಗೇ ತಿಳಿದೀತು.

ಈಗ ಸಂಜೆ ಆರು ಗಂಟೆ. ಮಾತ್ರೆ ನನ್ನ ಅಂಗೈಯಲ್ಲಿದೆ. "ಕೊಡೋ ಅಪ್ಪಾ, ಅನ್ನ ಆರ್ತಾ ಇದೆ," ಎಂದು ಅಕ್ಕ ಒಳಗಿನಿಂದ ಕರೆಯುತ್ತಿದ್ದಾಳೆ. ಕೊಡಲೇ, ಬೇಡವೇ? ನಿಮ್ಮ ಉತ್ತರಕ್ಕೆ ಇಪ್ಪತ್ತಮೂರು ದಿನ ಬೇಕು. ಅವಳು ಇನ್ನೊಮ್ಮೆ ಕರೆಯುವುದರೊಳಗೆ ನಾನು ಉತ್ತರಿಸಬೇಕು.

ಇಂತಿ,
ಅಳತೆ ತಿಳಿಯದ ಔಷಧಿ ಹಿಡಿದು ನಿಂತಿರುವ,
ಚೆನ್ನರಾಯಪ್ಪ
ನಿವೃತ್ತ ಪೋಸ್ಟ್ ಮಾಸ್ಟರ್, ಮೇಲೂರು ಹತ್ತಿರ
(ನಿಮ್ಮ ಚೀಟಿಯ ಪ್ರಕಾರ ನನ್ನ ನಾಡಿಯೂ 72)